ಅಡ್ಡಿಲ್ಲ ಅಂದವರ ಕೇಸ್ ಶೀಟು

ನಮ್ಮ ಆಸ್ಪತ್ರೆಯಲ್ಲಿ ನಗು ಬರುವಂಥದ್ದು ವಾರಕ್ಕೊಂದು ನಡೆಯುತ್ತಿತ್ತು, ಸಿಟ್ಟು ಬರುವಂಥದ್ದು ದಿನಕ್ಕೊಂದು. ಈಗ ಕೂತು ಯೋಚಿಸಿದರೆ ಎರಡೂ ಒಂದೇ ಸಂಗತಿಗಳು. ಮೊದಲು ಸಿಟ್ಟು ಬರುತ್ತಿತ್ತು, ಸಿಟ್ಟು ಮಾಡಿ ಏನೂ ಆಗುವುದಿಲ್ಲ ಅಂತ ಗೊತ್ತಾದಮೇಲೆ ನಗು ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ರಸ್ತೆಯಲ್ಲಿ ಕಾಫಿ ಪ್ಲಾಂಟರುಗಳೆಲ್ಲ ಸೇರಿ ಕಟ್ಟಿಸಿದ ಇಪ್ಪತ್ತು ಹಾಸಿಗೆಯ ಆಸ್ಪತ್ರೆ ಅದು. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಅಲ್ಲಿಗೆ ಆಂಬುಲೆನ್ಸ್ ಡ್ರೈವರಾಗಿ ಸೇರಿದೆ. ನನ್ನ ಡ್ರೈವಿಂಗ್ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುತ್ತಿಲ್ಲವಾದ್ದರಿಂದ ಹೇಳುತ್ತೇನೆ. ಚಾರ್ಮಾಡಿ ಘಾಟಿಯಲ್ಲಿ ನನ್ನ ಗಾಡಿಯ ಸದ್ದು ಕೇಳಿದರೆ ಮಂಜು ತಾನಾಗಿ ಸೈಡ್ ಕೊಡುತ್ತಿತ್ತು. ನಾನು ಓಡಾಡಿ ಓಡಾಡಿಯೇ ಅಲ್ಲಿನ ಎರಡು ತಿರುವು ನೆಟ್ಟಗಾದವು. ಆಮೇಲೆ ಯಾರೋ ಅದನ್ನು ತಮ್ಮ ಕೆಲಸ ಅಂತ ಹೇಳಿಕೊಂಡರು. ಇರಲಿ.

ಆದರೆ ನನ್ನ ಜೀವಮಾನದ ದೊಡ್ಡ ಸಾಧನೆ ಡ್ರೈವಿಂಗ್ ಅಲ್ಲ, ಸಂಶೋಧನೆ. ನಮ್ಮ ಆಸ್ಪತ್ರೆಯ ಕೇಸ್ ಶೀಟಿನಿಂದ ಒಂದು ಸುಳ್ಳು ಮಾತನ್ನು ಕಿತ್ತು ಹಾಕಿ, ಆ ಜಾಗದಲ್ಲಿ ಒಂದು ಕಾಲಂ ಹಾಕಿಸಿದವನು ನಾನು. ಅದರಲ್ಲಿ ನಮ್ಮ ಸಿಸ್ಟರ್ ಪಾಲೂ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ.

ಒಂಬತ್ತನೇ ಹಾಸಿಗೆ

ನಮ್ಮ ಕಡೆ ಯಾರಾದರೂ ಹೇಗಿದೀರಿ ಅಂತ ಕೇಳಿದರೆ "ಅಡ್ಡಿಲ್ಲ" ಅನ್ನಬೇಕು. ಮದುವೆ ಊಟ ಹೇಗಿತ್ತು, ಅಡ್ಡಿಲ್ಲ. ಮಳೆ ಹೇಗೆ, ಅಡ್ಡಿಲ್ಲ. ಮರ ಬಿದ್ದು ಮನೆ ಹೆಂಚೆಲ್ಲ ಪುಡಿಯಾಯಿತಂತಲ್ಲ ಮಾರಾಯ ಅಂದರೆ, ಹೌದು, ಗೋಡೆ ಅಡ್ಡಿಲ್ಲ. ತುಂಬಾ ಚೆನ್ನಾಗಿದೆ ಅಂದರೆ ಜಂಬ ಅಂದಾರು, ಕಷ್ಟ ಇದೆ ಅಂದರೆ ಎದುರಿನವರಿಗೆ ತೊಂದರೆ ಕೊಟ್ಟಂತೆ. ನಡುವೆ ಉಳಿದದ್ದು ಈ ಒಂದು ಮಾತು.

ನಮ್ಮ ದೊಡ್ಡ ಡಾಕ್ಟ್ರು ರಾಗಿ ಬೆಳೆಯುವ ಬಯಲುಸೀಮೆಯಿಂದ ಬಂದವರು. ಕೈಗುಣ ಒಳ್ಳೆಯದಿತ್ತು, ಕಿವಿಗುಣ ಇರಲಿಲ್ಲ. ಬೆಳಿಗ್ಗೆ ರೌಂಡ್ಸಿನಲ್ಲಿ ಹೇಗಿದೀರಿ ಅಂತ ಕೇಳುವರು, ರೋಗಿ ಅಡ್ಡಿಲ್ಲ ಅನ್ನುವನು, ಇವರು ಕೇಸ್ ಶೀಟಿನಲ್ಲಿ ಇಂಗ್ಲಿಷಿನಲ್ಲಿ "ನೋ ಕಂಪ್ಲೇಂಟ್ಸ್" ಅಂತ ಬರೆಯುವರು. ದಿನಾ ಅದನ್ನೇ ಬರೆದು ಬೆರಳು ನೋವು ಬಂದು, ಕೊನೆಗೆ ಚಿಕ್ಕಮಗಳೂರಿನಿಂದ ಒಂದು ರಬ್ಬರ್ ಸ್ಟ್ಯಾಂಪು ಮಾಡಿಸಿಕೊಂಡು ಬಂದರು. ಇಡೀ ಆಸ್ಪತ್ರೆಯಲ್ಲಿ ನೋವು ಅಂತ ಬಾಯಿಬಿಟ್ಟು ಹೇಳಿ ಪರಿಹಾರ ಪಡೆದದ್ದು ಆ ಬೆರಳೊಂದೇ.

ಚಿಕ್ಕ ಆಸ್ಪತ್ರೆಯಲ್ಲಿ ಡ್ರೈವರ್ ಅಂದರೆ ಗಾಡಿ ಓಡಿಸುವವನು ಮಾತ್ರ ಅಲ್ಲ. ಜನರೇಟರ್ ತಿರುಗಿಸುವವನು, ಗೇಟು ತೆಗೆಯುವವನು ಎಲ್ಲ ಅವನೇ. ಹಾಗಾಗಿ ಇಂಕ್ ಪ್ಯಾಡು ಹಿಡಿದು ಡಾಕ್ಟರ ಹಿಂದೆ ನಡೆಯುವ ಕೆಲಸವೂ ನನ್ನ ಪಾಲಿಗೆ ಬಂತು. ಅವರು ತಲೆಯಾಡಿಸಿದರೆ ನಾನು ಸ್ಟ್ಯಾಂಪು ಒತ್ತಬೇಕು. ನನ್ನಷ್ಟು ನೆಟ್ಟಗೆ ಒತ್ತುವವರು ತಾಲೂಕು ಆಫೀಸಿನಲ್ಲೂ ಇರಲಿಲ್ಲ.

ಒಂದು ದಿನ ಒಂಬತ್ತನೇ ಹಾಸಿಗೆಯ ಹತ್ತಿರ ಡಾಕ್ಟ್ರು ಕಾಗದದ ಮೇಲೆ ಕಣ್ಣಿಟ್ಟುಕೊಂಡೇ ಹೇಗಿದೀರಿ ಅಂದರು. ಅಡ್ಡಿಲ್ಲ ಅಂತ ಉತ್ತರ ಬಂತು. ತಲೆಯಾಡಿತು, ನಾನು ಒತ್ತಿದೆ. ಆಗ ಸಿಸ್ಟರ್ ಮೆಲ್ಲಗೆ, ಸಾರ್, ಈ ಹಾಸಿಗೆಯವರು ನಿನ್ನೆಯೇ ಮನೆಗೆ ಹೋಗಿದ್ದಾರೆ ಅಂದರು. ಉತ್ತರ ಹೇಳಿದ್ದು ಪಕ್ಕದ ಹಾಸಿಗೆಯ ಅಜ್ಜ, ತನ್ನನ್ನೇ ಕೇಳಿದರು ಅಂದುಕೊಂಡು. ನಾನು ಒತ್ತಿದ ಸ್ಟ್ಯಾಂಪುಗಳಲ್ಲೆಲ್ಲ ನೂರಕ್ಕೆ ನೂರು ಸತ್ಯವಾದದ್ದು ಆ ಖಾಲಿ ಹಾಸಿಗೆಯದೊಂದೇ.

ಇಂಗ್ಲಿಷಿನಲ್ಲಿ ಹೋದ ಕಾಲು

ಇದು ನಗುವ ಪ್ರಸಂಗ ಅಲ್ಲ. ಆದರೆ ಇದನ್ನು ಬಿಟ್ಟರೆ ಮುಂದಿನದಕ್ಕೆ ಬುಡವಿಲ್ಲ.

ದೇವರಮನೆ ಕಡೆಯ ಒಂದು ಎಸ್ಟೇಟಿನಲ್ಲಿ ಮರಗಸಿ ನಡೆಯುತ್ತಿತ್ತು. ಕಾಫಿಗೆ ನೆರಳು ಜಾಸ್ತಿಯಾಗದ ಹಾಗೆ ದೊಡ್ಡ ಮರ ಹತ್ತಿ ಕೊಂಬೆ ಕಡಿಯುವುದು ಮರಗಸಿ. ಎಸ್ಟೇಟಿನ ಕೆಲಸಗಳಲ್ಲೆಲ್ಲ ಕಷ್ಟದ್ದು ಅದೇ. ಒಬ್ಬ ಆಳು ಮೇಲಿಂದ ಬಿದ್ದು ಕಾಲು ಮುರಿಯಿತು. ನಾನೇ ಹೋಗಿ ಕರೆತಂದೆ. ಡಾಕ್ಟ್ರು ಮೂಳೆ ಕೂಡಿಸಿ ಸಿಮೆಂಟಿನ ಪಟ್ಟು ಹಾಕಿದರು. ಕೆಲಸ ಚೆನ್ನಾಗಿಯೇ ಮಾಡಿದ್ದರು, ಪಟ್ಟು ಮಾತ್ರ ಬಿಗಿಯಾಯಿತು.

ಮಾರನೆ ದಿನ ಹೇಗಿದೀಯ ಅಂದರು. ಅಡ್ಡಿಲ್ಲ ಅಯ್ಯಾ ಅಂದ. ಸ್ಟ್ಯಾಂಪು. ಅದರ ಮಾರನೆ ದಿನವೂ ಅಡ್ಡಿಲ್ಲ. ಸ್ಟ್ಯಾಂಪು. ಆವತ್ತು ಅವನ ಹಣೆಯಲ್ಲಿ ಬೆವರಿತ್ತು, ಸಿಸ್ಟರ್ ರಜೆಯಲ್ಲಿದ್ದರು, ನನಗೆ ಕಂಡಿತ್ತು, ಸೆಖೆ ಅಂದುಕೊಂಡೆ. ಕೊಟ್ಟಿಗೆಹಾರದಲ್ಲಿ, ಮಳೆಗಾಲದಲ್ಲಿ, ಸೆಖೆ. ಮೂರನೆಯ ದಿನವೂ ಅಡ್ಡಿಲ್ಲ, ಸ್ಟ್ಯಾಂಪು. ಆ ಮಧ್ಯಾಹ್ನ ಸಿಸ್ಟರ್ ಡ್ಯೂಟಿಗೆ ಬಂದವರು ನೇರವಾಗಿ ಅವನ ಕಾಲ್ಬೆರಳು ಮುಟ್ಟಿದರು. ತಣ್ಣಗಿತ್ತು, ನೀಲಿಗಟ್ಟಿತ್ತು.

ಚಾರ್ಮಾಡಿ ಇಳಿದು ಮಂಗಳೂರಿಗೆ ಒಯ್ದೆ. ಪ್ರತಿ ತಿರುವಿನಲ್ಲೂ ಹಿಂದೆ ತಿರುಗಿ ಹೇಗಿದೀಯ ಮಾರಾಯ ಅಂದೆ. ಪ್ರತಿ ತಿರುವಿನಲ್ಲೂ ಅಡ್ಡಿಲ್ಲ ಅಂದ. ಕೊನೆಯ ತಿರುವಿನಲ್ಲಿ, "ನಿಮಗೆ ಸುಮ್ನೆ ತೊಂದ್ರೆ ಆಯ್ತು" ಅಂದ. ಮಂಗಳೂರಿನಲ್ಲಿ ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಆಸ್ಪತ್ರೆ ಕಮಿಟಿಯವರು ಮೀಟಿಂಗು ಕರೆದರು. ಡಾಕ್ಟ್ರು ಕೇಸ್ ಶೀಟು ಮೇಜಿನ ಮೇಲಿಟ್ಟು, ನೋಡಿ, ಮೂರು ದಿನವೂ ರೋಗಿಯೇ ನೋ ಕಂಪ್ಲೇಂಟ್ಸ್ ಅಂದಿದ್ದಾನೆ ಅಂದರು. ಕಮಿಟಿಯವರು ಕನ್ನಡಕ ಏರಿಸಿ ಮೂರು ಸ್ಟ್ಯಾಂಪನ್ನೂ ನೋಡಿದರು, ಸರಿ ಅಂದರು, ಕಾಫಿ ಕುಡಿದರು. ಮೂರನ್ನೂ ಒತ್ತಿದವನು ನಾನು. ಒಂದೂ ವಾರೆಯಾಗಿರಲಿಲ್ಲ. ಹುಟ್ಟಿದಾರಭ್ಯ ಒಂದಕ್ಷರ ಇಂಗ್ಲಿಷ್ ಆಡದವನ ಕಾಲು, ಇಂಗ್ಲಿಷಿನಲ್ಲಿ ಹೋಯಿತು.

ಮೇಷ್ಟ್ರು ಕೊಟ್ಟ ಮಾರ್ಕು

ನಮ್ಮ ಸಿಸ್ಟರ್ ಘಟ್ಟದ ಕೆಳಗಿನವರು, ಬೆಳ್ತಂಗಡಿ ಕಡೆ. ಮೀಟಿಂಗಿನ ಮಾರನೆ ದಿನ ಒಂದು ಗೀಟು ಹಾಕಿದ ಉದ್ದ ಪುಸ್ತಕ ತಂದು ಬರೆಯತೊಡಗಿದರು. ಏನು ಸಿಸ್ಟರ್ ಅಂದೆ. ರಿಸರ್ಚ್ ಅಂದರು. ಅದು ದೊಡ್ಡ ಕಾಲೇಜಿನವರು ಮಾಡುವುದಲ್ಲವಾ ಅಂದೆ.

"ಎಂಥದ್ದೂ ಇಲ್ಲ ಮಾರಾಯ್ರೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವುದು. ಅವರು ಹೇಳಿದ್ದನ್ನು ಅವರ ಬಾಯಿಮಾತಿನಲ್ಲೇ ಬರೆಯುವುದು. ಮಾರನೆ ದಿನ ಅವರಿಗೆ ಏನಾಯ್ತು ಅಂತ ಪಕ್ಕದಲ್ಲಿ ಬರೆಯುವುದು. ನಾವು ಕೇಳಿದ ಪ್ರಶ್ನೆ ಸರಿಯಾ ತಪ್ಪಾ ಅಂತ ಆಗ ಗೊತ್ತಾಗ್ತದೆ."

ಎರಡು ಪುಟ ತುಂಬುವಷ್ಟರಲ್ಲೇ ಗೊತ್ತಾಯಿತು. ಎಡಗಡೆ ಮೇಲಿಂದ ಕೆಳಗಿನವರೆಗೆ ಅಡ್ಡಿಲ್ಲ, ಅಡ್ಡಿಲ್ಲ, ಅಡ್ಡಿಲ್ಲ. ಬಲಗಡೆ ಜ್ವರ ಏರಿತು, ಕೀವು ಬಂತು, ಮನೆಗೆ ಹೋದರು, ಮಂಗಳೂರಿಗೆ ಹೋದರು. ಒಂದೇ ಮಾತಿಗೆ ಇಷ್ಟು ಅರ್ಥ ಹೇಗೆ ಅಂತ ಸಿಸ್ಟರ್ ನನ್ನನ್ನೇ ಕೇಳಿದರು. ಮಲೆನಾಡಿನ ಭಾಷೆಯಲ್ಲಿ ನಾನು ಪ್ರೊಫೆಸರ್ ಆದದ್ದು ಹೀಗೆ. ಗಟ್ಟಿಯಾಗಿ ಅಡ್ಡಿಲ್ಲ ಅಂದರೆ ನಿಜಕ್ಕೂ ಅಡ್ಡಿಲ್ಲ, ಎಳೆದು ಅಂದರೆ ಸ್ವಲ್ಪ ಅಡ್ಡಿ, ಗೋಡೆ ಕಡೆ ತಿರುಗಿ ಅಂದರೆ ಗಾಡಿ ತೆಗಿ ಅಂತ ಅರ್ಥ ಅಂದೆ. ಅದನ್ನೂ ಬರೆದುಕೊಂಡರು. ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಅದೇ ಮೊದಲು, ಟ್ರಾಫಿಕ್ ಪೊಲೀಸರನ್ನು ಬಿಟ್ಟರೆ.

ಡಾಕ್ಟ್ರು ಪುಸ್ತಕ ನೋಡಿ, "ರಿಸರ್ಚ್ ಮಾಡಕ್ಕೆ ನಾವಿದೀವಿ. ನೀವು ಬೆಡ್‌ಶೀಟ್ ಸುಕ್ಕು ತೆಗೀರಿ ಸಾಕು" ಅಂದರು. ಸಿಸ್ಟರ್ ಸುಕ್ಕೂ ತೆಗೆದರು, ಪುಸ್ತಕವನ್ನೂ ಬರೆದರು.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕಿ ಹೇಳಿಸುವ ಪದ್ಧತಿ ಇದೆ ಅಂತ ಎಲ್ಲೋ ಓದಿ, ಮೊದಲು ಅದನ್ನು ಪ್ರಯತ್ನಿಸಿದರು. ಒಬ್ಬ ಮೇಸ್ತ್ರಿ, ಎಷ್ಟಾದರೆ ಪಾಸು ಅಂತ ಕೇಳಿದ. ಒಬ್ಬ ಅಜ್ಜಿ, ಪಕ್ಕದವಳಿಗೆ ಎಷ್ಟು ಹಾಕಿದಿ ಮಗಾ, ನಂಗೆ ಅದಕ್ಕಿಂತ ಒಂದು ಜಾಸ್ತಿ ಹಾಕು ಅಂದಳು. ಒಬ್ಬ ಪ್ಲಾಂಟರು, ನೀವೇ ನೋಡಿ ಒಂದು ಹಾಕಿಕೊಳ್ಳಿ, ನಾನು ಸೈನ್ ಮಾಡ್ತೀನಿ ಅಂದರು.

ಕೊನೆಗೆ ಒಬ್ಬರು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು ಬಂದರು. ಓದಿದವರು, ಇವರಾದರೂ ಸರಿಯಾಗಿ ಹೇಳುತ್ತಾರೆ ಅಂತ ಸಿಸ್ಟರಿಗೆ ಆಸೆ. ನಾನು ಅದೇ ಮೇಷ್ಟ್ರ ಹತ್ತಿರ ಓದಿದ್ದೆ, ನನಗೆ ಆಸೆ ಇರಲಿಲ್ಲ. ಇಡೀ ಸರ್ವೀಸಿನಲ್ಲಿ ಅವರು ಹತ್ತಕ್ಕೆ ಆರರ ಮೇಲೆ ಯಾರಿಗೂ ಕೊಟ್ಟವರಲ್ಲ. ಹೊಟ್ಟೆ ಹಿಡಿದುಕೊಂಡು, ಹಲ್ಲು ಕಚ್ಚಿಕೊಂಡು, ಬಹಳ ಹೊತ್ತು ಯೋಚಿಸಿದರು. ಒಳಗೆ ಒಡೆದೇ ಹೋಗಿದ್ದ ಅಪೆಂಡಿಕ್ಸಿಗೆ ನಾಲ್ಕು ಮಾರ್ಕು ಕೊಟ್ಟರು.

ಮೇಸ್ತ್ರಿ ಕೇಳುವ ಪ್ರಶ್ನೆ

ಅಂಕಿ ಕೈಕೊಟ್ಟಮೇಲೆ ಸಿಸ್ಟರ್ ಮಂಕಾದರು. ಆ ವಾರ ಕಳಸದ ಕಡೆ ಒಂದು ಎಸ್ಟೇಟಿಗೆ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಹೋಗಿದ್ದೆವು. ಬೆಳಿಗ್ಗೆ ಮೇಸ್ತ್ರಿ ಆಳುಗಳ ಹಾಜರಿ ಕರೆದು ಕೆಲಸ ಹಂಚುತ್ತಿದ್ದ. ಒಬ್ಬ ಹೆಂಗಸು ಸೆರಗು ಹೊದ್ದು ನಿಂತಿದ್ದಳು. ಮೇಸ್ತ್ರಿ ಹೇಗಿದೀಯ ಅಂತ ಕೇಳಲಿಲ್ಲ. ಯಾವ ಎಸ್ಟೇಟಿನ ಮೇಸ್ತ್ರಿಯೂ ಹಾಗೆ ಕೇಳುವುದಿಲ್ಲ, ಕೇಳಿ ಏನಾಗಬೇಕು. ಅವನು ಕೇಳಿದ್ದು, "ಎಲ್ಲಿಗೆ ಬರ್ತೀಯ?"

"ಹಣ್ಣಿಗೆ ಆಗಲ್ಲ, ಕಣಕ್ಕೆ ಬರ್ತೀನಿ" ಅಂದಳು.

ಹಣ್ಣು ಅಂದರೆ ಕಾಫಿ ಹಣ್ಣು ಕುಯ್ಯುವುದು, ದಿನವಿಡೀ ನಿಂತು ಮಾಡುವ ಕೆಲಸ. ಕಣ ಅಂದರೆ ಕಾಫಿ ಒಣಗಿಸುವ ಅಂಗಳ. ಬಿಸಿಲಿಗೆ ಹರಡಿದ ಬೀಜವನ್ನು ಆಗಾಗ ಕಾಲಿನಲ್ಲಿ ಸರಿಸುತ್ತ, ಕೋಳಿ ಓಡಿಸುತ್ತ ಕೂತಿರುವುದು. ಮುದುಕಿಯರಿಗೆ, ಬಸುರಿಯರಿಗೆ, ಹುಷಾರಿಲ್ಲದವರಿಗೆ ಕೊಡುವ ಅತಿ ಹಗುರದ ಕೆಲಸ. ಮೇಸ್ತ್ರಿ ಅವಳ ಮುಖವನ್ನೂ ನೋಡದೆ ಹಾಜರಿ ಬರೆಯುವ ರೈಟರಿಗೆ ಹೇಳಿದ, ಇವಳಿಗೆ ಚಳಿಜ್ವರ ಇದೆ, ಸಿಸ್ಟರಿಗೆ ತೋರಿಸಿ ಅಂತ.

ಸಿಸ್ಟರ್ ನನ್ನ ತೋಳು ಚಿವುಟಿದರು. ಇವತ್ತಿಗೂ ಅದರ ಗುರುತಿದೆ, ಬೇಕಾದರೆ ತೋರಿಸುತ್ತೇನೆ.

ಆವತ್ತಿನಿಂದ ನಮ್ಮ ಪುಸ್ತಕದಲ್ಲಿ ಹೊಸ ಪ್ರಶ್ನೆ. ಈಗ ಹಾಜರಿಗೆ ಕರೆದರೆ ಎಲ್ಲಿಗೆ ಬರ್ತೀರಿ. ಮರಗಸಿ ಅಂದರೆ ಮನೆಗೆ ಕಳಿಸಬಹುದು. ಹಣ್ಣು ಅಂದರೆ ಇನ್ನೆರಡು ದಿನ ಇರಲಿ. ಕಣ ಅಂದರೆ ಕೂಡಲೇ ಡಾಕ್ಟ್ರು ನೋಡಬೇಕು. ಕಣಕ್ಕೂ ಆಗಲ್ಲ ಅಂದರೆ ನನ್ನ ಗಾಡಿ ಸ್ಟಾರ್ಟ್ ಆಗಬೇಕು. ಅಡ್ಡಿಲ್ಲ ಅನ್ನುವ ಬಾಯಿಯೇ ಈ ಪ್ರಶ್ನೆಗೆ ಸುಳ್ಳು ಹೇಳುತ್ತಿರಲಿಲ್ಲ. ಒಬ್ಬ ಬಾಣಂತಿ ನಗುನಗುತ್ತಾ ಅಡ್ಡಿಲ್ಲ ಸಿಸ್ಟರ್ ಅಂದಳು, ಎಲ್ಲಿಗೆ ಬರ್ತಿ ಅಂದದ್ದಕ್ಕೆ, "ಇವತ್ತು ಕಣಕ್ಕೂ ಬೇಡ" ಅಂದಳು. ಹೊದಿಕೆ ಎತ್ತಿ ನೋಡಿದರೆ ರಕ್ತ ನಿಂತಿರಲಿಲ್ಲ. ಡಾಕ್ಟ್ರು ಓಡಿ ಬಂದರು, ಉಳಿಸಿದರು. ಹೇಳಿದೆನಲ್ಲ, ಕೈಗುಣ ಒಳ್ಳೆಯದಿತ್ತು.

ಅವತ್ತು ಡಾಕ್ಟ್ರು ಖುಷಿಯಲ್ಲಿದ್ದರು. ಸಿಸ್ಟರ್ ಧೈರ್ಯ ಮಾಡಿ, ಸಾರ್, ಕೇಸ್ ಶೀಟಿನಲ್ಲಿ ಇದಕ್ಕೊಂದು ಕಾಲಂ ಹಾಕಿಸಿ, ಸ್ಟ್ಯಾಂಪು ಬೇಡ ಅಂದರು. ಅವರು ಕೇಳಿದ್ದು ಅದೊಂದೇ, ಮೊದಲೂ ಅದೇ, ಕೊನೆಗೂ ಅದೇ. ಡಾಕ್ಟ್ರು ಪುಸ್ತಕ ಕೊಡಿ, ನೋಡ್ತೀನಿ ಅಂದರು. ಸಿಸ್ಟರ್ ಅದಕ್ಕೆ ಹೊಸ ಬೈಂಡು ಹಾಕಿಸಿ ಕೊಟ್ಟರು.

ಡಾಕ್ಟ್ರು ನಿಜಕ್ಕೂ ನೋಡಿದರು. ಎಷ್ಟು ಚೆನ್ನಾಗಿ ನೋಡಿದರು ಅಂದರೆ, ಮುಂದಿನ ತಿಂಗಳಿಗೆ ಅದು ಅವರದೇ ಪುಸ್ತಕವಾಗಿತ್ತು.

ಎತ್ತು ಕಟ್ಟಿದ ಕಣ

ಮಂಗಳೂರಿನಲ್ಲಿ ಡಾಕ್ಟರುಗಳ ದೊಡ್ಡ ಸಭೆ. ನಮ್ಮ ಡಾಕ್ಟ್ರು ಕೋಟು ಹಾಕಿಕೊಂಡು ಹೊರಟರು, ನಾನು ಗಾಡಿ ಓಡಿಸಿದೆ. ಊಟ ಚೆನ್ನಾಗಿರುತ್ತದೆ ಅಂತ ಕೇಳಿ ಒಳಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪರದೆಯ ಮೇಲೆ ಮರಗಸಿ, ಹಣ್ಣು, ಕಣ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬಂದಾಗ ನನಗೆ ರೋಮಾಂಚನವಾಯಿತು. ಪರದೆಯ ಮೇಲೆ ಡಾಕ್ಟರ ಹೆಸರು ನನ್ನ ಅಂಗೈಯಷ್ಟು ದೊಡ್ಡದು. ಸಿಸ್ಟರ್ ಹೆಸರು ಹುಡುಕಿದೆ. ಕೊನೆಯಲ್ಲಿ "ಮತ್ತು ಸಿಬ್ಬಂದಿ" ಅಂತ ಇದೆ ಅಂತ ಪಕ್ಕದವರು ಓದಿ ಹೇಳಿದರು. ಅದರಲ್ಲಿ ಸಿಸ್ಟರ್ ಇದ್ದರು, ನಾನಿದ್ದೆ, ಜನರೇಟರೂ ಇದ್ದಿರಬಹುದು.

ಮುಗಿದಮೇಲೆ ಒಬ್ಬ ವಯಸ್ಸಾದ ನರ್ಸಿಂಗ್ ಪ್ರೊಫೆಸರಮ್ಮ ಎದ್ದು, ಬಹಳ ಒಳ್ಳೆಯ ಕೆಲಸ, ಆದರೆ ಕಣ ಅಂದರೆ ಏನು ಅಂತ ಕೇಳಿದರು. ನಮ್ಮ ಡಾಕ್ಟ್ರು ನೆನಪಿಸಿಕೊಂಡದ್ದು ತಮ್ಮೂರಿನ ಕಣವನ್ನು. ಅಲ್ಲಿ ಕಣ ಅಂದರೆ ಸುಗ್ಗಿಯಲ್ಲಿ ರಾಗಿ ತೆನೆ ಹರಡಿ, ಎತ್ತು ಕಟ್ಟಿ, ತೆನೆ ಒಕ್ಕುವ ರೋಣಗಲ್ಲು ಉರುಳಿಸುವ ಜಾಗ. ಕೈ ಬೀಸಿ ಬೀಸಿ ವಿವರಿಸಿದರು. ಹೊರೆ ಹೊರುವುದು, ತೂರುವುದು, ಬೆನ್ನು ಮುರಿಯುವ ದುಡಿಮೆ.

ಪ್ರೊಫೆಸರಮ್ಮನಿಗೆ ಗೊಂದಲವಾಯಿತು. ಹಾಗಾದರೆ ತುಂಬಾ ನೋವಿರುವ ರೋಗಿ ಎಲ್ಲಕ್ಕಿಂತ ಭಾರದ ಕೆಲಸ ಕೇಳುತ್ತಾನಾ ಅಂದರು.

ನಮ್ಮ ಡಾಕ್ಟ್ರು ಕೋಟು ಎಳೆದು ಸರಿಮಾಡಿಕೊಂಡು, "ಮಲೆನಾಡಿನ ಜನ ತುಂಬಾ ಗಟ್ಟಿ ಮೇಡಂ" ಅಂದರು.

ಚಪ್ಪಾಳೆ. ಶಾಲು. ಒಂದು ಗಂಧದ ಹಾರ.

ಕೊಟ್ಟಿಗೆಹಾರದ ಹೋಟೆಲಿನಲ್ಲಿ ಈ ಕಥೆ ಹೇಳುವಾಗ ನಾನು ಇಲ್ಲಿ ಎದ್ದು ನಿಲ್ಲುತ್ತೇನೆ. ಸಭೆ ತುಂಬ ಕೇಳುವ ಹಾಗೆ, ಸಾರ್, ಅದು ತಿರುಗುಮುರುಗು, ಆ ಪುಸ್ತಕ ನಮ್ಮ ಸಿಸ್ಟರದು ಅನ್ನುತ್ತೇನೆ. ಅಲ್ಲಿ ಎಲ್ಲರೂ ಮೇಜು ಕುಟ್ಟುತ್ತಾರೆ. ನಿಜವಾಗಿ ನಾನು ಎದ್ದು ನಿಲ್ಲಲಿಲ್ಲ. ಬಾಯಲ್ಲಿ ಲಾಡು ಇತ್ತು, ಮನೆಯಲ್ಲಿ ಮಕ್ಕಳಿದ್ದವು.

ಬಂದು ಸಿಸ್ಟರಿಗೆ ಪರದೆಯ ಮೇಲಿನ ಹೆಸರಿನ ವಿಷಯ ಹೇಳಿದೆ. ಅಳುತ್ತಾರೆ ಅಂದುಕೊಂಡೆ. "ಕಾಲಂ ಹಾಕಿಸ್ತೇನೆ ಅಂದ್ರಾ?" ಅಂತ ಕೇಳಿದರು. ಇಲ್ಲ ಅಂದೆ. ಎತ್ತಿನ ವಿಷಯ ಹೇಳಿದೆ. ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದಮೇಲೆ ಕಣ್ಣೊರೆಸಿಕೊಂಡು ಸೀದಾ ಡಾಕ್ಟರ ರೂಮಿಗೆ ಹೋಗಿ, ಸಾರ್, ನಮ್ಮ ಕಣದಲ್ಲಿ ಎತ್ತು ಇಲ್ಲ ಅಂದರು.

"ಕಣ ಅಂದ್ರೆ ಕಣ ಕಣ್ರೀ" ಅಂತ ಡಾಕ್ಟ್ರು ಗದರಿದ್ದು ಗೇಟಿನವರೆಗೆ ಕೇಳಿಸಿತು.

ಸಂಜೆಗೆ ಸಿಸ್ಟರ್ ಕೈಗೆ ಮೆಮೊ ಬಂತು. ನರ್ಸುಗಳು ಜ್ವರ ಮತ್ತು ನಾಡಿ ಬಿಟ್ಟು ಇನ್ನೇನನ್ನೂ ಬರೆಯಕೂಡದು, ಇನ್ನೊಂದು ಸಾಲು ಬರೆದರೆ ಘಟ್ಟ ಇಳಿಯಬಹುದು ಅಂತ. ಸಿಸ್ಟರ್ ಅದನ್ನು ಎರಡು ಸಲ ಓದಿದರು. "ಬರೆಯಬಾರದು ಅಂತ ಉಂಟು. ಕೇಳಬಾರದು ಅಂತ ಇಲ್ಲ" ಅಂದರು. ಬರೆಯದೆ ಕೇಳುತ್ತಲೇ ಇದ್ದರು. ನಾನು ಸ್ಟ್ಯಾಂಪು ಒತ್ತುತ್ತಲೇ ಇದ್ದೆ.

ಮತ್ತೆ ಒಂಬತ್ತನೇ ಹಾಸಿಗೆ

ಈಗ ಆ ಆಸ್ಪತ್ರೆಗೆ ಹೋದರೆ ಕೇಸ್ ಶೀಟಿನಲ್ಲಿ ಆ ಕಾಲಂ ಇದೆ, ಅಚ್ಚು ಹಾಕಿಸಿದ್ದು. ಕೆಳಗಡೆ ಸಣ್ಣಕ್ಷರದಲ್ಲಿ ಸಿಸ್ಟರ್ ಹೆಸರಿದೆ. ನನ್ನ ಹೆಸರು ಬಿಟ್ಟುಹೋಗಿದೆ, ಜಾಗ ಸಾಲಲಿಲ್ಲವಂತೆ. ಕಾಲು ಕಳೆದುಕೊಂಡವನು ಇವತ್ತಿಗೂ ದೇವರಮನೆ ಕಡೆಯ ಅದೇ ಎಸ್ಟೇಟಿನಲ್ಲಿದ್ದಾನೆ, ಊರುಗೋಲು ಪಕ್ಕಕ್ಕಿಟ್ಟುಕೊಂಡು ಕಣ ಕಾಯುತ್ತಾನೆ. ಹೇಗಿದೀಯ ಅಂದರೆ ಏನನ್ನುತ್ತಾನೆ ಅಂತ ನಿಮಗೇ ಗೊತ್ತು. ಅವನ ಪಾಲಿಗೆ ಆ ಕಾಲಂ ಬಹಳ ತಡವಾಗಿ ಬಂತು. ಅವನ ಕಾಲು ಹೋದಾಗ ಬರಲಿಲ್ಲ, ಬಾಣಂತಿ ಉಳಿದಾಗ ಬರಲಿಲ್ಲ, ಮಂಗಳೂರಿನವರು ಚಪ್ಪಾಳೆ ತಟ್ಟಿದಾಗಲೂ ಬರಲಿಲ್ಲ. ಬಂದದ್ದು ಹೀಗೆ.

ಎರಡು ಸಾವಿರದ ಇಸವಿ ದಾಟಿತ್ತು. ಬೆಳಿಗ್ಗೆ ರೌಂಡ್ಸು. ಎಂಟನೇ ಹಾಸಿಗೆ ಮುಗಿಸಿ ಡಾಕ್ಟ್ರು ಒಂಬತ್ತರ ಹತ್ತಿರ ಬಂದರು. ಆವತ್ತೂ ಅದು ಖಾಲಿ. ಬಂದವರು ಅದರ ಮೇಲೆ ಕೂತರು. ರೌಂಡ್ಸಿನಲ್ಲಿ ಅವರು ಕೂತದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಮೆಲ್ಲಗೆ ಮಲಗಿದರು. ಕೋಟು ಬೆವರಿಗೆ ಒದ್ದೆಯಾಗಿತ್ತು.

ನಾನು ಗಾಬರಿಯಲ್ಲಿ ಹೇಗಿದೀರಿ ಸಾರ್ ಅಂದೆ.

ಅಷ್ಟು ವರ್ಷ ನಮ್ಮ ಮಳೆ, ನಮ್ಮ ಕಡುಬು, ನಮ್ಮ ಜನ. ಕೊನೆಗೂ ನಮ್ಮ ಮಾತು ಅವರಿಗೆ ಅಂಟಿತ್ತು. ಗೋಡೆ ಕಡೆ ತಿರುಗಿ, "ಅಡ್ಡಿಲ್ಲ" ಅಂದರು.

ಅಭ್ಯಾಸ ಅನ್ನುವುದು ಕೆಟ್ಟದ್ದು. ನನ್ನ ಕೈ ತಾನಾಗಿ ಇಂಕ್ ಪ್ಯಾಡಿಗೆ ಹೋಯಿತು. ಸಿಸ್ಟರ್ ಆ ಸ್ಟ್ಯಾಂಪನ್ನು ನನ್ನ ಕೈಯಿಂದ ಕಿತ್ತು ಕಿಟಕಿಯಾಚೆ ಎಸೆದರು. ಕೆಳಗೆ ಕಾಫಿಗಿಡಗಳ ನಡುವೆ ಎಲ್ಲೋ ಬಿತ್ತು. ಇನ್ನೂ ಅಲ್ಲೇ ಇದೆ, ಆ ಸಾಲಿನ ಗಿಡಗಳು ಯಾವ ದೂರೂ ಇಲ್ಲದೆ ಬೆಳೆದಿವೆ.

ಅಷ್ಟರಲ್ಲಿ ಸಿಸ್ಟರ್ ಡಾಕ್ಟರ ನಾಲಿಗೆಯ ಕೆಳಗೆ ಮಾತ್ರೆ ಇಟ್ಟಾಗಿತ್ತು, ಆಕ್ಸಿಜನ್ ಹಾಕಿಯಾಗಿತ್ತು, ಗಾಡಿ ತೆಗೀರಿ ಅಂತ ನನಗೆ ಸನ್ನೆಯೂ ಆಗಿತ್ತು. ಅರ್ಧ ಗಂಟೆ ತಡವಾಗಿದ್ದರೆ ಆಸೆ ಇರಲಿಲ್ಲ ಅಂತ ಆಮೇಲೆ ಮಂಗಳೂರಿನವರು ಹೇಳಿದರು. ಅವತ್ತು ಚಾರ್ಮಾಡಿಯಲ್ಲಿ ನಾನು ಓಡಿಸಿದ ವೇಗಕ್ಕೆ ಮೂರನೇ ತಿರುವೂ ನೆಟ್ಟಗಾಯಿತು. ಆದರೆ ಅದು ಆಮೇಲಿನ ಮಾತು. ಕೈ ತನ್ನ ಕೆಲಸ ಮಾಡುತ್ತಿರುವಾಗಲೇ ಸಿಸ್ಟರ್ ಬಾಯಿ ಎಲ್ಲ ರೋಗಿಗಳನ್ನು ಕೇಳುವ ಹಾಗೆ ಅವರನ್ನೂ ಕೇಳಿತು.

"ಸಾರ್, ಈಗ ಹಾಜರಿಗೆ ಕರೆದರೆ ಎಲ್ಲಿಗೆ ಬರ್ತೀರಿ?"

ಮೆಮೊ ಬರೆದ ಮನುಷ್ಯ ಕಣ್ಣು ಮುಚ್ಚಿಕೊಂಡೇ, ಮಾಸ್ಕಿನ ಒಳಗಿಂದ, "ಕಣಕ್ಕೂ ಆಗಲ್ಲ" ಅಂದರು.

ಸಿಸ್ಟರ್ ಬಗ್ಗಿ, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಕೇಳಿದರು, "ನಮ್ಮ ಕಣಕ್ಕಾ ಸಾರ್, ನಿಮ್ಮ ಕಣಕ್ಕಾ?"

ಡಾಕ್ಟ್ರು ಕಣ್ಣು ಬಿಟ್ಟರು. ಎರಡೂ ಕೈ ಎತ್ತಿ ಮುಗಿದರು.

"ನಿಮ್ಮ ಕಣಕ್ಕೇ ಕಣಮ್ಮ."